ಇಪ್ಪತ್ತೇಳು ಗೂಡು

ಶಿಡ್ಲಘಟ್ಟದ ನಮ್ಮ ಗಲ್ಲಿಗೆ ಆಗ ಕರೆಂಟಿಲ್ಲ.
ಬಾಣಲೆಯ ಕೆಳಗಿನ ಬೆಂಕಿ, ಮೊಳೆಗೆ ತೂಗಿದ ಲಾಟೀನು, ಅಷ್ಟೇ.
ಅಮ್ಮಿ ಚರಕ ನಿಲ್ಲಿಸಿ
ಬೆಂದ ಬೆರಳ ತುದಿಗೆ ಎಣ್ಣೆ ಸವರಿಕೊಳ್ಳುವ ಹೊತ್ತಿಗೆ
ಪಟ್ಟಾಭಿ ಬಂದ, ಹಿಂದಿನ ಬೀದಿಯ ಶಾನುಭೋಗರ ಮಗ,
ಬರ್ಮಾ ಗಡಿಯಿಂದ ಹದಿನೈದು ದಿನದ ರಜೆ,
ಎಡಗಿವಿಯ ಹಿಂದೆ ಹೊಸ ಚರ್ಮ, ಎಳೆ ಗುಲಾಬಿ.

"ಅಲ್ಲಿ ಏನು ಮಾಡ್ತೀಯಪ್ಪ?" ಅಂದಳು ಅಮ್ಮಿ.
ಊರೆಲ್ಲ ಕೇಳಿದ್ದ ಪ್ರಶ್ನೆ.
ಊರಿಗೆಲ್ಲ ಅವನು ಹೇಳಿದ್ದು: ಹಾರ್ತೀನಿ.
ಅಮ್ಮಿಗೆ ಮಾತ್ರ ಯಾಕೋ
ಚಾಪೆ ಎಳೆದು ಕೂತು ತೋರಿಸಿದ.

ಬುಟ್ಟಿಯಿಂದ ಹಳದಿ ಗೂಡು ಆರಿಸಿ
ಮೂರು ಮೂರಾಗಿ ಇಟ್ಟ, ಬಾಣದ ಮೊನೆಯ ಹಾಗೆ.
ಮೂರು ಮೂರ್ಲಿ ಒಂಬತ್ತು,
ಒಂಬತ್ತು ಮೂರ್ಲಿ ಇಪ್ಪತ್ತೇಳು.
"ಜಪಾನಿನವರ ಬಾಂಬರುಗಳು. ಕಲ್ಕತ್ತೆ ಕಡೆ ಹೊರಟಿವೆ.
ಒಂದರ ಹೊಟ್ಟೆಯನ್ನ ಇನ್ನೊಂದರ ಬಂದೂಕು ಕಾಯುತ್ತೆ.
ಒಂದನ್ನ ಮುಟ್ಟಿದರೆ ಒಂಬತ್ತು ಕಡಿಯುತ್ತೆ,
ಹೆಜ್ಜೇನು ಇದ್ದಂಗೆ."
ಮೇಲಿನಿಂದ ಒಂದು ಹಿಡಿ ಹುರಿಗಡಲೆ ಎರಚಿದ,
ಅವು ಕಾವಲಿನ ಸಣ್ಣ ವಿಮಾನ.
ತನಗೆ ಅಂತ ಅಬ್ಬಾನ ಕಿವಿಯ ಸಂದಿಯಿಂದ
ಒಂದು ಬೀಡಿ ತೆಗೆದುಕೊಂಡ.

ನನ್ನ ಕೈಗೆ ಲಾಟೀನು ಕೊಟ್ಟು
"ನೀನು ಸೂರ್ಯ. ಅಲುಗಬೇಡ."

ಮೊದಲು ಹಿಂದಿನಿಂದ ಹೋದ.
"ಹೊಸಬರೆಲ್ಲ ಹೀಗೇ ಹೋಗ್ತಾರೆ.
ಹೊರಟ ರೈಲಿನ ಹಿಂದೆ ಓಡಿದಂಗೆ,
ಹತ್ತಿರ ಅನ್ನೋದೇ ಬರಲ್ಲ.
ಬಾಲದಲ್ಲಿ ಕೂತವನಿಗೋ ಗುರಿ ಹಿಡಿಯೋಕೆ ಬೇಕಾದಷ್ಟು ಹೊತ್ತು.
ಸುಬೋಧ ಹೀಗೇ ಹೋದ."
ಬೀಡಿ ಚಾಪೆಯ ಮೇಲೆ ಸ್ವಲ್ಪ ಹೊತ್ತು ಬಿದ್ದೇ ಇತ್ತು.

ಆಮೇಲೆ ನನ್ನ ಬೆನ್ನ ಕಡೆಯಿಂದ ಬಂದ,
ಲಾಟೀನಿನ ಮರೆಯಿಂದ, ಎದುರಾಗಿ.
"ಮೂತಿಯೆಲ್ಲ ಗಾಜು. ಒಂದೇ ಬಂದೂಕು. ಕಣ್ಣಿಗೆ ಬಿಸಿಲು.
ನಾನು ಅವರ ಕಡೆ, ಅವರು ನನ್ನ ಕಡೆ,
ಒಂದು, ಎರಡು ಅನ್ನೋದರೊಳಗೆ ಮುಗೀಬೇಕು.
ಮೂರು ಅಂದರೆ ಡಿಕ್ಕಿ.
ಮುಂದಿರೋ ನಾಯಕನಿಗೇ ಹೊಡಿ, ಹೊಟ್ಟೆ ಕೆಳಗೆ ನುಸುಳು.
ಮಿಕ್ಕವು ಆಗ ಒಂದು ಗಳಿಗೆ ತಡವರಿಸ್ತವೆ.
ಸಾಲು ಬಿಟ್ಟದ್ದು ಯಾರಿಗಾದರೂ ಸಿಗುತ್ತೆ."
ಅಂಚಿನ ಒಂದು ಗೂಡನ್ನು ಬೆರಳಲ್ಲಿ ಆಚೆ ತಳ್ಳಿದ.

ಅಬ್ಬಾ ಶಹಬ್ಬಾಸ್ ಅಂದ.
ಅಮ್ಮಿ ಆ ಗೂಡನ್ನು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿದಳು,
ಸಂತೆಯಲ್ಲಿ ಕೊಳ್ಳುವ ಮುಂಚೆ ಮಾಡುವ ಹಾಗೆ.
"ಒಳಗೆ ಎಷ್ಟು ಜನ?"

"ಏಳು."

"ಹಾರಿಕೊಳ್ಳೋಕೆ ಆಗಲ್ವಾ?"

"ಪ್ಯಾರಾಚೂಟ್ ಇರುತ್ತೆ. ನಾನು ಎಣಿಸ್ತೀನಿ.
ತಿರುಗಿ ನೋಡಬಾರದು ಅಂತಾರೆ, ಆದರೂ ಎಣಿಸ್ತೀನಿ.
ಒಂದು ಸಲ ಮೂರು. ಒಂದು ಸಲ ಒಂದೂ ಇಲ್ಲ."

ಆ ವರ್ಷ ನಮ್ಮ ನೂಲೆಲ್ಲ ಸರ್ಕಾರಕ್ಕೆ,
ಪ್ಯಾರಾಚೂಟಿಗಂತೆ. ಹಿಂದೆಂದೂ ಕಾಣದ ರೇಟು.
ಅಮ್ಮಿಯ ಕಾಲಿಗೆ ಬೆಳ್ಳಿ ಬಂದದ್ದು ಆಗಲೇ.
ಆ ಕಾಲನ್ನು ಸೆರಗಿನೊಳಗೆ ಎಳೆದುಕೊಂಡು ಕೇಳಿದಳು:
"ಅವರದ್ದೂ ರೇಷ್ಮೆಯೇನಾ?"

"ರೇಷ್ಮೆಯೇ, ಚಾಚಿ. ನಮ್ಮದಕ್ಕಿಂತ ಬಿಳಿ."

"ಅಲ್ಲೂ ಹೆಂಗಸರೇ ಬೇಯಿಸ್ತಾರಾ?"

ಪಟ್ಟಾಭಿ ಬೀಡಿಯನ್ನು ಬೆರಳ ನಡುವೆ ಹೊರಳಿಸಿದ.
"ಅದನ್ನ ನಮಗೆ ಹೇಳಿಕೊಡಲಿಲ್ಲ."

ಗೂಡು ಬುಟ್ಟಿಗೆ ವಾಪಸು. ಬೆಳಿಗ್ಗೆ ಬಾಣಲೆಗೆ.
ಕಾವಲನ್ನು ನಾನು ತಿಂದೆ. ಬೀಡಿಯನ್ನು ಅಬ್ಬಾ ಸೇದಿದ.

ಯುದ್ಧ ಮುಗಿಸಿ ಬಂದವನು
ಚಿಂತಾಮಣಿ ಬಸ್ಸಿನ ಏಜೆಂಟನಾಗಿ ಟಿಕೆಟ್ ಹರಿದ,
ದಪ್ಪಗಾದ, ಅಜ್ಜನಾದ, ಒಂದಿನ ಇಲ್ಲವಾದ.
ವಿಮಾನದ ಸದ್ದಿಗೆ ತಲೆ ಎತ್ತಿದ್ದು ನಾ ಕಾಣೆ.

ನನಗೀಗ ತೊಂಬತ್ತು ದಾಟಿದೆ.
ಮಾರ್ಕೆಟ್ಟಿನಲ್ಲಿ ಬಿಳಿ ಗೂಡಿನ ಸಾಲು ಸಾಲು ನಡುವೆ
ಮೊಮ್ಮಗ ಮೊಬೈಲಿನಲ್ಲಿ ಹರಾಜು ಕೂಗುವಾಗ
ಒಂದನ್ನು ಎತ್ತಿ ಕಿವಿಗೆ ಹಿಡಿಯುತ್ತೇನೆ.
ಕಿವಿ ಕೇಳಿಸುವುದಿಲ್ಲ. ಬೆರಳಿಗೆ ಗೊತ್ತಾಗುತ್ತದೆ.

ಆ ರಾತ್ರಿ ತೋಳು ಬಹಳ ನೋಯುತ್ತಿತ್ತು.
ಅಲುಗಲಿಲ್ಲ ನಾನು.
ಏಳು ಜನರ ಕಣ್ಣಿಗೆ ನೇರ ಬೀಳುವ ಹಾಗೆ
ಎರಡೂ ಕೈಯಲ್ಲಿ ಹಿಡಿದಿದ್ದೆ.